ಅತ್ತೆಯ ಮೇಲಿನ ಕೋಪ

ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಂಡ ಸೊಸೆಯ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಅದನ್ನು ಕೇಳಿದಾಗಲೆಲ್ಲ ನಾವು ನಗುತ್ತೇವೆ. ಅತ್ತೆಗೆ ಎದುರಾಡಲಾರದ ಆ ಸೊಸೆಯ ಅಸಹಾಯಕತೆಯನ್ನು ನೆನೆದು ಸ್ವಲ್ಪ ಮರುಗುವುದೂ ಉಂಟು. ಆದರೆ ಕೊತ್ತಿಯ ಪಾಡೇನಾಯಿತೆಂದು ಕೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ. ಅದರ ಬೆನ್ನಿಗೆ ಏಟು ಬಿದ್ದಲ್ಲಿಗೇ ಗಾದೆ ಮುಗಿದುಹೋಗುತ್ತದೆ. ಮರುದಿನ ಅದು ಅದೇ ಅಡಿಗೆಯ ಮನೆಗೆ ಯಾವ ಧೈರ್ಯದಿಂದ ಬಂದಿತು, ಯಾವ ಮೂಲೆಯಲ್ಲಿ ಮುದುಡಿಕೊಂಡಿತು ಎಂಬುದು ಗಾದೆಗೆ ಬೇಕಿಲ್ಲ. ನಮ್ಮ ಸಾರ್ವಜನಿಕ ಜೀವನದಲ್ಲಿ ಈ ಗಾದೆ ಈಗ ದಿನವೂ ನಡೆಯುತ್ತಿದೆ. ಅತ್ತೆಯ ಜಾಗದಲ್ಲಿ ಕಣ್ಣಿಗೆ ಕಾಣದ ಅಧಿಕಾರ, ವಿಧಿ, ಬಡತನ, ಸಾವು, ಯಾವುದಾದರೊಂದು ಇದೆ. ಕೊತ್ತಿಯ ಜಾಗದಲ್ಲಿ ನಮ್ಮ ಕಣ್ಣೆದುರಿಗೆ ನಿಂತು ಕೆಲಸಮಾಡುವ ಮನುಷ್ಯರಿದ್ದಾರೆ. ಮನುಷ್ಯರನ್ನು ಕೊತ್ತಿಗೆ ಹೋಲಿಸಿದ್ದಕ್ಕೆ ಅವರ ಕ್ಷಮೆ ಬೇಡುತ್ತೇನೆ. ಹೋಲಿಕೆ ನನ್ನದಲ್ಲ, ನಮ್ಮ ನಡತೆಯದು.

ಕೆಲವು ವರ್ಷಗಳ ಹಿಂದೆ ನಮ್ಮ ಭಾವನವರನ್ನು ಜಿಲ್ಲಾ ಕೇಂದ್ರವೊಂದರ ದೊಡ್ಡಾಸ್ಪತ್ರೆಗೆ ಸೇರಿಸಬೇಕಾಗಿ ಬಂದಿತ್ತು. ರಾತ್ರಿ ಹತ್ತರ ಹೊತ್ತು. ಮಂಚಗಳು ತುಂಬಿ, ನೆಲದ ಮೇಲೂ ರೋಗಿಗಳು ಮಲಗಿದ್ದರು. ಆ ಇಡೀ ವಾರ್ಡಿಗೆ ಇದ್ದವರು ಇಬ್ಬರು ದಾದಿಯರು. ಗ್ಲೂಕೋಸಿನ ಬಾಟಲಿ ಖಾಲಿಯಾಗಿ ಬಹಳ ಹೊತ್ತಾಯಿತೆಂದು ನಾನು ಅವರಲ್ಲಿ ಒಬ್ಬಾಕೆಯ ಮೇಲೆ ಕೂಗಾಡಿದೆ. ಆಕೆಗೆ ಇಪ್ಪತ್ತೈದು ವರ್ಷವಿದ್ದೀತು. “ಬಂದೆ ಸಾರ್, ಆ ಮಗೂಗೆ ಒಂದು ಇಂಜೆಕ್ಷನ್ ಕೊಟ್ಟು ಬಂದ್ಬಿಡ್ತೀನಿ” ಎಂದು ಓಡಿದಳು. ನಾನು ಮತ್ತೂ ಗೊಣಗಿದೆ. ನನ್ನ ಗೊಣಗಾಟಕ್ಕೆ ಪಕ್ಕದ ಮಂಚದವರೂ ತಲೆದೂಗಿದರು. ಸ್ವಲ್ಪ ಹೊತ್ತಿಗೆ ಹೊರಗೆ ಗದ್ದಲವೆದ್ದಿತು. ಮೋಟಾರು ಸೈಕಲ್ಲಿನಿಂದ ಬಿದ್ದ ಹುಡುಗನೊಬ್ಬನನ್ನು ಹೊತ್ತುಕೊಂಡು ಇಪ್ಪತ್ತು ಮೂವತ್ತು ಜನ ಒಳನುಗ್ಗಿದರು. ವೈದ್ಯರು ನೋಡಿದರು, ಹುಡುಗ ದಾರಿಯಲ್ಲಿಯೇ ಹೋಗಿಬಿಟ್ಟಿದ್ದ. ಆ ಮಾತು ಹೇಗೆ ಹೊರಬಿತ್ತೋ, ಯಾರ ಬಾಯಿಂದ ಬಿತ್ತೋ ನಾನರಿಯೆ. ನಾನು ಬಾಗಿಲ ಬಳಿಗೆ ಬರುವಷ್ಟರಲ್ಲಿ ಗುಂಪಿನಲ್ಲಿದ್ದವನೊಬ್ಬ, ಹತ್ತಿಯ ತಟ್ಟೆಯನ್ನು ಹಿಡಿದು ಎದುರು ಬರುತ್ತಿದ್ದ ಅದೇ ದಾದಿಯ ಕೆನ್ನೆಗೆ ಹೊಡೆದುಬಿಟ್ಟ.

ಆ ಹುಡುಗನನ್ನು ಆಕೆ ಮುಟ್ಟಿಯೂ ಇರಲಿಲ್ಲ. ಆ ದಾರಿಯನ್ನು ಆಕೆ ಮಾಡಿಸಿರಲಿಲ್ಲ, ಆ ಹುಡುಗನಿಗೆ ವಾಹನವನ್ನು ಕೊಡಿಸಿರಲಿಲ್ಲ. ವಾರ್ಡಿಗೆ ಆರು ಜನ ಇರಬೇಕಾದಲ್ಲಿ ಇಬ್ಬರೇ ಸಾಕೆಂದು ತೀರ್ಮಾನಿಸಿದವಳೂ ಆಕೆಯಲ್ಲ. ಎದುರಿಗೆ ಸಿಕ್ಕಳು, ಅಷ್ಟೇ. ನಾವು ಹದಿನೈದು ಇಪ್ಪತ್ತು ಜನ ನೋಡುತ್ತ ನಿಂತಿದ್ದೆವು. ಒಬ್ಬರೂ ಕೈ ಅಡ್ಡ ಹಿಡಿಯಲಿಲ್ಲ; ಒಬ್ಬರೂ “ಏನಯ್ಯ ಇದು?” ಎನ್ನಲಿಲ್ಲ. ಆಕೆ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ಹತ್ತು ನಿಮಿಷದ ಮೇಲೆ ಮುಖ ತೊಳೆದುಕೊಂಡು ಬಂದು, ಒಂದು ಮಾತನ್ನೂ ಆಡದೆ, ನಮ್ಮ ಭಾವನವರ ಬಾಟಲಿಯನ್ನು ಬದಲಾಯಿಸಿದಳು. ಏನಾದರೂ ಹೇಳಬೇಕೆಂದು ನಾನು “ಸಿಸ್ಟರ್, ಪೊಲೀಸರಿಗೆ ದೂರು ಕೊಡಬೇಕಾಗಿತ್ತು” ಎಂದೆ. “ದೂರು ಕೊಟ್ರೆ ಸಾಕ್ಷಿಗೆ ನೀವು ಬರ್ತೀರಾ ಸಾರ್?” ಎಂದು ಕೇಳಿದಳು. ಅದರಲ್ಲಿ ಕೋಪವಿರಲಿಲ್ಲ. ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು. ನಾನು ಉತ್ತರ ಕೊಡಲಿಲ್ಲ.

ಆಕೆಯ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಅದರ ಬೆನ್ನು ಹಿಡಿದು ಹೋದಾಗ ಎರಡು ಸಂಗತಿಗಳು ಕಂಡುಬಂದವು. ಒಂದು, ಇಂತಹವರನ್ನು ಕಾಪಾಡಲು ಕಾನೂನು ಇಲ್ಲವೆನ್ನುವುದು ಸುಳ್ಳು. ಇನ್ನೊಂದು, ಇರುವ ಕಾನೂನು ಅವರನ್ನು ಕಾಪಾಡುತ್ತಿದೆ ಎನ್ನುವುದೂ ಅಷ್ಟೇ ಸುಳ್ಳು.

ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯಲೆಂದೇ 2009ರಲ್ಲಿ ಒಂದು ಶಾಸನವಾಯಿತು. ಹಲ್ಲೆ ಮಾಡಿದವನಿಗೆ ಮೂರು ವರ್ಷದವರೆಗೆ ಸೆರೆ, 50,000 ರೂಪಾಯಿಯವರೆಗೆ ದಂಡ, ಮುರಿದ ಸಾಮಾನಿನ ಬೆಲೆಯ ಇಮ್ಮಡಿ ಪರಿಹಾರ ಎಂದು ಅದು ವಿಧಿಸಿತು. 2020ರಲ್ಲಿ ಕೊರೋನಾ ಪಿಡುಗಿನ ನಡುವೆ, ಮನೆಮನೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆಯೂ ಆಸ್ಪತ್ರೆಯವರ ಮೇಲೆಯೂ ಹಲ್ಲೆಗಳು ನಡೆದಾಗ, ಕೇಂದ್ರ ಸರ್ಕಾರವು ಏಪ್ರಿಲ್ 22ರಂದು ಸುಗ್ರೀವಾಜ್ಞೆಯನ್ನು ಹೊರಡಿಸಿ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಿದ್ದಿತು. ಹಲ್ಲೆಗೆ ಮೂರು ತಿಂಗಳಿನಿಂದ ಐದು ವರ್ಷ, ತೀವ್ರ ಗಾಯವಾದರೆ ಆರು ತಿಂಗಳಿನಿಂದ ಏಳು ವರ್ಷ ಸೆರೆ. ಮೂವತ್ತು ದಿನದೊಳಗೆ ತನಿಖೆ, ಒಂದು ವರ್ಷದೊಳಗೆ ತೀರ್ಪು. ಒಳ್ಳೆಯ ಕಾನೂನೇ. ಆದರೆ ಅದು ಸಾಂಕ್ರಾಮಿಕದ ಕಾಲಕ್ಕೆ ಮಾತ್ರ ಸಲ್ಲುವಂಥದು. ರೋಗ ಇಳಿದೊಡನೆ ರಕ್ಷಣೆಯೂ ಇಳಿಯಿತು. ಏಟಿಗೆ ಮಾತ್ರ ಋತುಮಾನವಿಲ್ಲ.

ಆ 1897ರ ಕಾಯಿದೆಯ ಹುಟ್ಟನ್ನು ಇಲ್ಲಿ ನೆನೆಯುವುದು ಉಚಿತ. ಅದು ಪ್ಲೇಗಿನ ಕೂಸು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ರೋಗಿಗಳನ್ನು ಮನೆಯವರಿಂದ ಬೇರ್ಪಡಿಸಿ ಆರ್ಥರ್ ರಸ್ತೆಯ ಆಸ್ಪತ್ರೆಗೆ ಒಯ್ಯುತ್ತಿದ್ದರು. ಒಳಗೆ ಹೋದವರು ತಿರುಗಿ ಬರುತ್ತಿರಲಿಲ್ಲವಾಗಿ, ಆಸ್ಪತ್ರೆಯೇ ಜನರನ್ನು ಕೊಲ್ಲುತ್ತಿದೆಯೆಂಬ ಸುದ್ದಿ ಹಬ್ಬಿತು. ಅಕ್ಟೋಬರಿನಲ್ಲಿ ಗಿರಣಿಯ ಕೂಲಿಕಾರರು ಗುಂಪುಗೂಡಿ ಆ ಆಸ್ಪತ್ರೆಯ ಮೇಲೆ ಬಿದ್ದರು. ಪುಣೆಯಲ್ಲಿ ಸೋಲ್ಜರುಗಳು ಮನೆಗಳನ್ನು ಹೊಕ್ಕು ಶೋಧಿಸಿದರು. ಆ ಕಾರ್ಯಾಚರಣೆಯ ಮುಖ್ಯಸ್ಥನಾಗಿದ್ದ ರ‍್ಯಾಂಡ್ ಎಂಬ ಅಧಿಕಾರಿಗೆ 1897ರ ಜೂನ್ 22ರಂದು ಗುಂಡು ಬಿತ್ತು. ಮರುವರ್ಷ ಮೈಸೂರು ಸಂಸ್ಥಾನಕ್ಕೂ ಪ್ಲೇಗು ಬಂದು, ಶ್ರೀರಂಗಪಟ್ಟಣದ ಮಗ್ಗುಲಿನ ಗಂಜಾಂನಲ್ಲಿ ಪ್ಲೇಗಿನ ಕಟ್ಟುಪಾಡುಗಳ ವಿರುದ್ಧ ಜನ ದಂಗೆಯೆದ್ದರು. ನಾಲ್ಕೇ ಕಲಮುಗಳ ಆ ಕಾಯಿದೆಯಲ್ಲಿ ಕೊನೆಯ ಕಲಮು ಏನು ಹೇಳುತ್ತಿತ್ತೆಂದರೆ, ಸದುದ್ದೇಶದಿಂದ ಕೆಲಸಮಾಡಿದ ಅಧಿಕಾರಿಯ ಮೇಲೆ ಯಾರೂ ದಾವೆ ಹೂಡುವಂತಿಲ್ಲ. ಅಧಿಕಾರಿಗೆ ದಾವೆಯಿಂದ ರಕ್ಷಣೆ ದೊರೆಯಿತು. ಅವನ ಅಪ್ಪಣೆಯನ್ನು ಹೊತ್ತು ಕೇರಿಗೆ ಹೋದ ಆಳಿಗೆ ಏಟಿನಿಂದ ರಕ್ಷಣೆ ದೊರೆಯಲಿಲ್ಲ. ಅದು ದೊರೆಯಲು 123 ವರ್ಷ ಬೇಕಾಯಿತು.

ಪ್ಲೇಗಿನ ಕತೆಯಿಂದ ನಾವು ಕಲಿಯಬೇಕಾದ ಪಾಠ ಒಂದೇ ಮಗ್ಗುಲಿನದಲ್ಲ. ಅಂದು ಕಲ್ಲೆಸೆದವರೆಲ್ಲ ದುಷ್ಟರೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಹೆಂಡತಿಯನ್ನು, ಮಗುವನ್ನು ಕಣ್ಣೆದುರಿಗೆ ಎಳೆದೊಯ್ದಾಗ ಏತಕ್ಕೆ ಒಯ್ಯುತ್ತಾರೆಂದು ಅವರಿಗೆ ತಿಳಿಸಿಹೇಳಿದವರು ಯಾರೂ ಇರಲಿಲ್ಲ. ಭಯವು ಮಾತಿನಿಂದ ಇಳಿಯಬೇಕಾದಲ್ಲಿ ಬಂದೂಕಿನಿಂದ ಇಳಿದೀತೆಂದು ಸರ್ಕಾರ ನಂಬಿತ್ತು. ಹಾಗೆಂದು ಏಟು ತಿಂದ ಕಾಂಪೌಂಡರನದಾಗಲಿ ಜಾಡಮಾಲಿಯದಾಗಲಿ ತಪ್ಪೇನು? ಅಪ್ಪಣೆಯನ್ನು ಬರೆದವನು ಬಂಗಲೆಯಲ್ಲಿದ್ದ; ಅಪ್ಪಣೆಯನ್ನು ಹೊತ್ತವನು ಬೀದಿಯಲ್ಲಿದ್ದ. ಇಂದಿಗೂ ಇದು ಬದಲಾಗಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮಗೆ ಹಳೆಯ ಅಭ್ಯಾಸ.

ಬಸ್ಸಿನ ಕಂಡಕ್ಟರನನ್ನೇ ನೋಡಿ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲದೆ ಪ್ರಯಾಣ ಮಾಡುವ ಅನುಕೂಲವಾಯಿತು. ಯೋಜನೆಯ ಒಳಿತು ಕೆಡುಕುಗಳ ಚರ್ಚೆ ಇಲ್ಲಿ ಬೇಡ; ಕೂಲಿಗೆ ಹೋಗುವ ಎಷ್ಟೋ ತಾಯಂದಿರ ಸೆರಗಿನ ಗಂಟಿನಲ್ಲಿ ನಾಲ್ಕು ಕಾಸು ಉಳಿದಿರುವುದನ್ನು ನಾನು ಬಲ್ಲೆ. ಆದರೆ ಬಸ್ಸು ತುಂಬಿದಾಗ ಬೈಗುಳ ಬಿದ್ದದ್ದು ಯೋಜನೆ ಮಾಡಿದವರಿಗಲ್ಲ, ಬಸ್ಸಿನ ಸಂಖ್ಯೆಯನ್ನು ಗೊತ್ತುಮಾಡಿದವರಿಗಲ್ಲ, ಶೂನ್ಯ ಟಿಕೆಟ್ಟು ಹರಿದುಕೊಡುವ ಕಂಡಕ್ಟರನಿಗೆ. ಆಧಾರ್ ಚೀಟಿ ಕೇಳಿದರೂ ಅವನದೇ ತಪ್ಪು, ಕೇಳದಿದ್ದರೆ ಮೇಲಿನವರ ಮುಂದೆ ಅವನದೇ ತಪ್ಪು. ಚಿಲ್ಲರೆ ಇಲ್ಲದಿದ್ದರೆ ಅವನು ಕಳ್ಳ, ಬಾಗಿಲಲ್ಲಿ ನಿಲ್ಲಬೇಡಿ ಎಂದರೆ ಅವನು ಅಹಂಕಾರಿ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ, ಬಾಗಿಲ ಬಳಿಯಿಂದ ಒಳಗೆ ಬನ್ನಿ ಎಂದದ್ದಕ್ಕೆ ಪ್ರಯಾಣಿಕನೊಬ್ಬ ಕಂಡಕ್ಟರನನ್ನು ಚೂರಿಯಿಂದ ಇರಿದ. ಬಾಗಿಲಲ್ಲಿ ನಿಂತವನು ಬಿದ್ದು ಸಾಯದಿರಲೆಂದು ಆಡಿದ ಮಾತಿಗೆ ದೊರೆತ ಪ್ರತಿಫಲ ಅದು.

ಎದುರಿಗೆ ನಿಂತವರ ಪಾಡು ಹೊರಗಿನವರಿಂದಲೇ ಬರುತ್ತದೆ ಎಂದೂ ಇಲ್ಲ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ. ಇ. ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರನ್ನು ನಮ್ಮ ನಾಡು ಮರೆಯಬಾರದು. 1973ರ ನವೆಂಬರ್ 27ರ ಸಂಜೆ, ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಆಕೆಯ ಕೊರಳನ್ನು ಬಿಗಿದು ಹಲ್ಲೆಮಾಡಿದ. ಮೆದುಳಿಗೆ ರಕ್ತ ನಿಂತುಹೋಯಿತು. ಆಕೆ ಮತ್ತೆ ಎದ್ದು ಓಡಾಡಲಿಲ್ಲ. ಹೊಡೆದವನು ಏಳು ವರ್ಷದ ಶಿಕ್ಷೆ ಮುಗಿಸಿ ಹೊರಬಂದ; ಏಟು ತಿಂದಾಕೆ 2015ರ ಮೇ 18ರಂದು ಕಣ್ಮುಚ್ಚುವವರೆಗೆ, ನಲವತ್ತೊಂದು ವರ್ಷಕ್ಕೂ ಮೇಲೆ, ಅದೇ ಆಸ್ಪತ್ರೆಯ ಕೊಠಡಿಯಲ್ಲಿ ಮಲಗಿದ್ದರು. ಆ ಅಷ್ಟು ವರ್ಷವೂ ಒಂದು ತಲೆಮಾರಿನ ದಾದಿಯರು ಹೋಗಿ ಇನ್ನೊಂದು ತಲೆಮಾರಿನವರು ಬಂದು ಆಕೆಯನ್ನು ತಮ್ಮ ಮನೆಯವಳೆಂದು ನೋಡಿಕೊಂಡರು. ಮಲಗಿದ ಮೈಗೆ ಹುಣ್ಣಾಗಲು ಬಿಡಲಿಲ್ಲ. ದಯಾಮರಣದ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದು 2011ರ ಮಾರ್ಚಿಯಲ್ಲಿ ತೀರ್ಪಾದಾಗ, ಆಕೆ ಬದುಕಿರಲಿ ಎಂದವರು ಆ ದಾದಿಯರೇ. ದಯಾಮರಣದ ವಿಚಾರದಲ್ಲಿ ದೇಶವೆಲ್ಲ ಆಕೆಯ ಹೆಸರನ್ನು ನೆನೆಯಿತು. ಕೆಲಸದ ಜಾಗದಲ್ಲಿ ಒಬ್ಬ ಹೆಣ್ಣುಮಗಳು ಏತಕ್ಕೆ ಅಷ್ಟು ಒಂಟಿಯಾಗಿದ್ದಳು ಎಂಬ ಮೊದಲ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಉಳಿಯಿತೆಂಬುದಕ್ಕೆ ಸಾಕ್ಷಿ ಬೇಕಾದರೆ, 2023ರ ಮೇ 10ರ ಮುಂಜಾವದಲ್ಲಿ ಕೇರಳದ ಕೊಟ್ಟಾರಕ್ಕರ ತಾಲ್ಲೂಕು ಆಸ್ಪತ್ರೆಯಲ್ಲಿ, ಪೊಲೀಸರೇ ಕರೆತಂದ ಗಾಯಾಳುವೊಬ್ಬ ಕತ್ತರಿಯಿಂದ ಇರಿದು ಇಪ್ಪತ್ತಮೂರು ವರ್ಷದ ವೈದ್ಯೆ ವಂದನಾ ದಾಸರನ್ನು ಕೊಂದ. ಮರುವರ್ಷ ಆಗಸ್ಟ್ 9ರಂದು ಕೊಲ್ಕತ್ತದ ಆರ್. ಜಿ. ಕರ್ ಆಸ್ಪತ್ರೆಯಲ್ಲಿ, ದೀರ್ಘ ಪಾಳಿಯ ನಡುವೆ ಸ್ವಲ್ಪ ಹೊತ್ತು ಮಲಗಲು ಬೇರೆ ಜಾಗವಿಲ್ಲದೆ ಉಪನ್ಯಾಸದ ಕೊಠಡಿಯಲ್ಲಿ ಒರಗಿದ್ದ ವೈದ್ಯೆಯ ಅತ್ಯಾಚಾರ, ಕೊಲೆ ನಡೆಯಿತು. ಅಪರಾಧಿಯೆಂದು ತೀರ್ಪಾದವನು ಪೊಲೀಸರಿಗೆ ನೆರವಾಗಲು ನೇಮಕಗೊಂಡಿದ್ದ ಸ್ವಯಂಸೇವಕ. ಸುಪ್ರೀಂ ಕೋರ್ಟು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡು, ವೈದ್ಯಕೀಯ ಸಿಬ್ಬಂದಿಯ ಸುರಕ್ಷತೆಗಾಗಿ ಆಗಸ್ಟ್ 20ರಂದು ಒಂದು ರಾಷ್ಟ್ರೀಯ ಕಾರ್ಯಪಡೆಯನ್ನು ರಚಿಸಿತು. ಹಲ್ಲೆಯಾದರೆ ಆರು ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥನೇ ಪೊಲೀಸರಿಗೆ ದೂರು ಕೊಡಬೇಕೆಂದು ಕೇಂದ್ರದ ಆರೋಗ್ಯ ಇಲಾಖೆ ಅದೇ ತಿಂಗಳು ಅಪ್ಪಣೆ ಮಾಡಿತು.

ಈ ಕೊನೆಯ ಅಪ್ಪಣೆಯಲ್ಲಿ ನನ್ನ ಆ ದಾದಿಯ ಪ್ರಶ್ನೆಗೆ ಅರ್ಧ ಉತ್ತರವಿದೆಯೆಂದು ನನಗೆ ತೋರುತ್ತದೆ. ನಮ್ಮಲ್ಲಿ ಕಾನೂನು ಕೈಗೆ ಬಾರದಿರುವುದಕ್ಕೆ ಮುಖ್ಯ ಕಾರಣ ಶಿಕ್ಷೆ ಕಡಿಮೆಯೆಂಬುದಲ್ಲ. ಏಟು ತಿಂದವಳೇ ಠಾಣೆಗೆ ಹೋಗಬೇಕು, ತಾನೇ ರಜಾ ಹಾಕಿ ಕೋರ್ಟಿಗೆ ಅಲೆಯಬೇಕು, ಹೊಡೆದವನ ಊರಿನಲ್ಲಿಯೇ ಮರುದಿನ ಬಸ್ಸಿಳಿಯಬೇಕು. ಮೇಲಿನವರು “ಹೋಗ್ಲಿ ಬಿಡಮ್ಮ, ಊರಿನವರು, ರಾಜಿ ಮಾಡ್ಕೊ” ಎನ್ನುತ್ತಾರೆ. ರಾಜಿಯ ಚೀಟಿಗೆ ಸಹಿ ಬೀಳುತ್ತದೆ. ಶಾಸನದ ಪುಸ್ತಕದಲ್ಲಿ ಐದು ವರ್ಷವೆಂದಿದ್ದರೇನು, ಹತ್ತು ವರ್ಷವೆಂದಿದ್ದರೇನು? ಸಂಸ್ಥೆಯ ಕೆಲಸದಲ್ಲಿ ಬಿದ್ದ ಏಟು ಸಂಸ್ಥೆಗೆ ಬಿದ್ದ ಏಟೆಂದು ಸಂಸ್ಥೆಯೇ ವಾದಿಯಾಗಿ ನಿಂತರೆ, ಆ ಒಂಟಿ ಹೆಣ್ಣುಮಗಳ ಹೆಗಲಿನ ಭಾರ ಇಳಿಯುತ್ತದೆ. ಈ ನಿಯಮ ಆಸ್ಪತ್ರೆಗೆ ಮಾತ್ರ ಏಕೆ? ಕಂಡಕ್ಟರನ ಪರವಾಗಿ ಸಾರಿಗೆ ಸಂಸ್ಥೆ, ಲೈನ್‌ಮನ್ನನ ಪರವಾಗಿ ವಿದ್ಯುತ್ ಕಂಪನಿ, ಪೌರಕಾರ್ಮಿಕರ ಪರವಾಗಿ ನಗರಸಭೆ ಅದೇ ಆರು ಗಂಟೆಯೊಳಗೆ ದೂರು ಕೊಡುವ ಕಟ್ಟಳೆಯಾಗಲಿ. ಗೌರವಧನದ ಮೇಲೆ ದುಡಿಯುವ, ಯಾವ ಕಚೇರಿಯ ಪೂರ್ಣ ನೌಕರಳೂ ಅಲ್ಲದ ಆಶಾ ಕಾರ್ಯಕರ್ತೆಗೆ ಈ ಆಸರೆ ಎಲ್ಲರಿಗಿಂತ ಮೊದಲು ಬೇಕು.

ಇಷ್ಟು ಬರೆಯುವಾಗ ಒಂದು ಆಕ್ಷೇಪಣೆ ನನ್ನ ಕಿವಿಗೆ ಕೇಳಿಸುತ್ತಲೇ ಇದೆ. “ಕಿಟಕಿಯ ಆಚೆ ಕುಳಿತವರೇನು ಸಾಧುಗಳೆ? ಮುಖವೆತ್ತಿ ಮಾತನಾಡುವುದಿಲ್ಲ, ನಾಳೆ ಬಾ ಎನ್ನುತ್ತಾರೆ, ಬಡವನನ್ನು ಕಂಡರೆ ಏಕವಚನ” ಎಂದು ಓದುಗರಲ್ಲಿ ಹಲವರು ಹೇಳಿಯಾರು. ಇದು ಪೊಳ್ಳು ಮಾತಲ್ಲ. ನಾನೂ ಆ ಕಿಟಕಿಗಳ ಮುಂದೆ ನಿಂತು ಅವಮಾನ ನುಂಗಿದವನೇ. ಆದರೆ ಒರಟು ಮಾತಿಗೆ ದೂರು ಉತ್ತರವೇ ಹೊರತು ಕೈ ಉತ್ತರವಲ್ಲ. ದೂರು ಕೇಳುವವರಿಲ್ಲದೆ ಹೋದರೆ ಜನ ಕೈಯನ್ನು ಹುಡುಕುತ್ತಾರೆಂಬುದೂ ನಿಜವೇ. ಆದುದರಿಂದಲೇ ನೌಕರನ ರಕ್ಷಣೆಯೂ ಪ್ರಜೆಯ ಅಹವಾಲಿಗೆ ಕಿವಿಗೊಡುವುದೂ ಒಂದೇ ಕೆಲಸದ ಎರಡು ಮುಖಗಳು. ಒಬ್ಬರು ಹೆಸರು ಬರೆದುಕೊಂಡು ವಾರದೊಳಗೆ ಉತ್ತರ ಕೊಡುವ ಮೇಜು ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ಬಸ್ಸು ನಿಲ್ದಾಣದಲ್ಲಿಯೂ ಇದ್ದರೆ, ಎಷ್ಟೋ ಕೋಪಗಳು ಮುಷ್ಟಿಗೆ ಇಳಿಯುವ ಮೊದಲೇ ಕಾಗದಕ್ಕೆ ಇಳಿದಾವು.

ಆಸ್ಪತ್ರೆಯ ಮಟ್ಟಿಗೆ ಇನ್ನೂ ಒಂದು ಮಾತಿದೆ. ವೈದ್ಯನೇ ನಾರಾಯಣನೆಂದು ಹೇಳಿಕೊಂಡು ಬಂದ ನಾಡು ನಮ್ಮದು. ಈ ಭಕ್ತಿಯೇ ಅವನಿಗೆ ಮುಳುವಾಗಿದೆಯೆಂದರೆ ತಪ್ಪಾಗಲಾರದು. ದೇವರಿಗೆ ಸೋಲುವ ಹಕ್ಕಿಲ್ಲ. ಸೋತ ದೇವರನ್ನು ನಾವು ಕ್ಷಮಿಸುವುದಿಲ್ಲ. ವೈದ್ಯನನ್ನು ಮನುಷ್ಯನೆಂದು ಕಂಡಿದ್ದರೆ, ಅವನ ಕೈಮೀರಿದ್ದೂ ಉಂಟೆಂದು ಮನಸ್ಸು ಮೊದಲೇ ಅರಿತಿರುತ್ತಿತ್ತು. ಆ ಅರಿವನ್ನು ಕೊಡಬೇಕಾದವರು ಯಾರು? ಸಾವಿನ ಸುದ್ದಿಯನ್ನು ಓಣಿಯಲ್ಲಿ ನಿಂತು, ಇನ್ನೊಬ್ಬ ರೋಗಿಯ ಕಡೆಗೆ ಓಡುತ್ತ ಹೇಳುವ ವಾಡಿಕೆ ಹೋಗಬೇಕು. ಕುಳ್ಳಿರಿಸಿ, ನೀರು ಕೊಟ್ಟು, ಮನೆಯ ಹಿರಿಯರೊಬ್ಬರನ್ನು ಕರೆದು, ಏನಾಯಿತು, ಏನು ಮಾಡಿದೆವು, ಏಕೆ ಆಗಲಿಲ್ಲ ಎಂದು ಸಾವಧಾನವಾಗಿ ತಿಳಿಸುವ ಒಬ್ಬ ಮನುಷ್ಯನಿಗೆ ಅದೊಂದೇ ಕೆಲಸವಾಗಿರಬೇಕು. ಅಂದಿನ ಪ್ಲೇಗಿನ ಆಸ್ಪತ್ರೆಯಲ್ಲಿ ಇಲ್ಲದಿದ್ದವನು ಅವನೇ. ಇಂದಿನ ದೊಡ್ಡಾಸ್ಪತ್ರೆಯಲ್ಲಿಯೂ ಹೆಚ್ಚಾಗಿ ಕಾಣದವನು ಅವನೇ. ಬಾಗಿಲಿಗೆ ಕಾವಲುಗಾರರನ್ನು ಹೆಚ್ಚಿಸುವುದು ಬೇಡವೆನ್ನುತ್ತಿಲ್ಲ. ಆದರೆ ಇಬ್ಬರು ದಾದಿಯರಿರುವ ವಾರ್ಡಿಗೆ ನಾಲ್ವರು ಕಾವಲುಗಾರರನ್ನು ನೇಮಿಸುವುದಕ್ಕಿಂತ, ಇಬ್ಬರನ್ನು ಆರು ಮಾಡಿದರೆ ಕಾವಲಿನ ಕೆಲಸವೇ ಅರ್ಧ ಕಡಿಮೆಯಾದೀತು.

2019ರಲ್ಲಿ ಜಿನೀವಾದಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ತನ್ನ 190ನೆಯ ಒಪ್ಪಂದದಲ್ಲಿ, ಹಿಂಸೆ ಕಿರುಕುಳಗಳಿಲ್ಲದ ಕೆಲಸದ ಲೋಕ ಪ್ರತಿಯೊಬ್ಬನ ಹಕ್ಕೆಂದು ಸಾರಿತು. ಇದರ ಹುರುಳೇನು? ಏಟು, ಬೈಗುಳ, ಬೆದರಿಕೆಗಳು ಕೆಲಸದ ಒಂದು ಭಾಗವೆಂದು ಯಾರೂ ಒಪ್ಪಿಕೊಳ್ಳಬೇಕಾಗಿಲ್ಲ. ಸಂಬಳದಲ್ಲಿ ಕೆನ್ನೆಯ ಬೆಲೆ ಸೇರಿಲ್ಲ. ಇದು ನಮಗೆ ಹೊಸ ಮಾತೇನೂ ಅಲ್ಲ. ನಮ್ಮ ಮನೆಯ ಮಗಳು ದಾದಿಯಾಗಿದ್ದರೆ, ನಮ್ಮ ಮಗ ಕಂಡಕ್ಟರನಾಗಿದ್ದರೆ, ನಾವೇ ಆಡುತ್ತಿದ್ದ ಮಾತು. ಅನ್ಯರ ಮಕ್ಕಳ ವಿಚಾರದಲ್ಲಿ ಮಾತ್ರ ಅದನ್ನು ನಮಗೆ ಜಿನೀವಾದವರು ನೆನಪು ಮಾಡಬೇಕಾಯಿತು.

ಕಾನೂನಿನ ಕೆಲಸವನ್ನು ಸರ್ಕಾರ ಮಾಡಲಿ, ದೂರಿನ ಕೆಲಸವನ್ನು ಸಂಸ್ಥೆ ಮಾಡಲಿ. ಅವೆರಡೂ ಆದ ಮೇಲೆಯೂ ಆ ದಾದಿಯ ಪ್ರಶ್ನೆಯ ಇನ್ನರ್ಧ ಹಾಗೆಯೇ ಉಳಿಯುತ್ತದೆ. ಸಾಕ್ಷಿಗೆ ಬರುತ್ತೀರಾ ಎಂದು ಆಕೆ ಕೇಳಿದ್ದು ಸರ್ಕಾರವನ್ನಲ್ಲ, ನನ್ನನ್ನು. ಹೊಡೆದವನು ಒಬ್ಬ, ಅವನು ಮಗನನ್ನು ಕಳೆದುಕೊಂಡು ಬುದ್ಧಿಯ ಹಿಡಿತ ತಪ್ಪಿದವನು. ನೋಡುತ್ತ ನಿಂತ ನಾವು ಹದಿನೈದು ಇಪ್ಪತ್ತು ಜನ. ನಮ್ಮ ಬುದ್ಧಿಯೇನೂ ತಪ್ಪಿರಲಿಲ್ಲ. ನಮ್ಮಲ್ಲಿ ಇಬ್ಬರು ಮುಂದೆ ಬಂದು ಅವನ ಕೈಹಿಡಿದು ಬೆಂಚಿನ ಮೇಲೆ ಕೂರಿಸಿದ್ದರೆ ಆಕೆಯ ಕೆನ್ನೆಯೂ ಉಳಿಯುತ್ತಿತ್ತು. ದುಃಖದ ಮೇಲೆ ನಾಚಿಕೆಯ ಹೊರೆ ಅವನ ತಲೆಗೆ ಏರುವುದೂ ತಪ್ಪುತ್ತಿತ್ತು. ಅದಕ್ಕಿಂತ ಒಂದು ಗಂಟೆ ಮೊದಲು ನಾನು ಆಕೆಯ ಮೇಲೆ ಕೂಗಾಡದೆ ಇದ್ದಿದ್ದರೆ, ಆ ವಾರ್ಡಿನಲ್ಲಿ ಆಕೆಯ ಮೇಲೆ ಯಾರು ಬೇಕಾದರೂ ದನಿಯೆತ್ತಬಹುದೆಂಬ ಗಾಳಿ ಅಷ್ಟಾದರೂ ಬೀಸುತ್ತಿರಲಿಲ್ಲವೇನೋ. ಕೈ ಎತ್ತುವವನಿಗೆ ದಾರಿ ಮಾಡಿಕೊಡುವುದು ದನಿ ಎತ್ತಿದ ನಮ್ಮಂಥವರೇ ಅಲ್ಲವೆ?

ಮೂರನೆಯ ದಿನ ಭಾವನವರನ್ನು ಮನೆಗೆ ಕಳುಹಿಸಿದರು. ಹೊರಡುವ ಮುನ್ನ ಆಕೆಯನ್ನು ಕಂಡು ಎರಡು ಮಾತು ಹೇಳಬೇಕೆಂದು ಹುಡುಕಿದೆ. ಪಾಳಿ ಬದಲಾಗಿತ್ತು, ಹಗಲಿನ ದಾದಿಯೊಬ್ಬರು ಔಷಧದ ಚೀಟಿಯನ್ನು ಕೊಟ್ಟು, ಯಾವ ಮಾತ್ರೆ ಯಾವ ಹೊತ್ತಿಗೆಂದು ಎರಡು ಸಲ ತಿಳಿಸಿಹೇಳಿದರು. ರಾತ್ರಿಯ ಪಾಳಿಯ ಆಕೆಯ ಹೆಸರೇನೆಂದು ಕೇಳೋಣವೆನಿಸಿತು. ಕೇಳಿದರೆ ಏತಕ್ಕೆಂದು ಹೇಳಬೇಕಾಗುತ್ತದೆ ಎಂದು ಸುಮ್ಮನಾದೆ. ಆಕೆಯ ಪ್ರಶ್ನೆಗೆ ಅಂದು ಕೊಡದ ಉತ್ತರವನ್ನು ಇಂದು ಇಲ್ಲಿ ಬರೆದು ಕೊಡುತ್ತಿದ್ದೇನೆ: ಬರುತ್ತೇನಮ್ಮ, ಬರಬೇಕಾಗಿತ್ತು. ಆ ಕಾಲ ಮೀರಿಹೋಯಿತು. ಆದರೆ ಇಂದು ರಾತ್ರಿಯೂ ಯಾವುದೋ ವಾರ್ಡಿನಲ್ಲಿ, ಯಾವುದೋ ಕೊನೆಯ ಬಸ್ಸಿನಲ್ಲಿ, ಯಾರೋ ಒಬ್ಬರು ಎದುರಿಗೆ ಸಿಕ್ಕುತ್ತಾರೆ. ಓದುಗರು ಅಲ್ಲಿದ್ದರೆ, ದಯವಿಟ್ಟು ಒಂದು ಹೆಜ್ಜೆ ಮುಂದೆ ಬನ್ನಿ.